ಗೌತಮಿಯ ಹಾವು

ಮಹಾಭಾರತದ ಅನುಶಾಸನ ಪರ್ವದ ಮೊದಲ ಅಧ್ಯಾಯದಲ್ಲಿ ಒಂದು ವಿಷದ ಕಥೆಯಿದೆ. ಗೌತಮಿ ಎಂಬ ಮುದುಕಿಯ ಮಗ ಹಾವು ಕಚ್ಚಿ ಸಾಯುತ್ತಾನೆ. ಅರ್ಜುನಕ ಎಂಬ ಬೇಡ ಆ ಹಾವನ್ನು ಹಿಡಿದು ಕಟ್ಟಿ ತಂದು ಅವಳ ಮುಂದೆ ಹಾಕಿ, ಬೆಂಕಿಗೆ ಹಾಕಲೋ ತುಂಡು ತುಂಡು ಮಾಡಲೋ ಎಂದು ಕೇಳುತ್ತಾನೆ. ಬಿಟ್ಟುಬಿಡು, ಇದನ್ನು ಕೊಂದರೆ ನನ್ನ ಮಗ ಬರುವುದಿಲ್ಲ ಎನ್ನುತ್ತಾಳೆ ಗೌತಮಿ. ಬೇಡ ಒಪ್ಪುವುದಿಲ್ಲ. ಆಗ ಹಾವೇ ಬಾಯಿ ಬಿಡುತ್ತದೆ: ನಾನು ಬೇಕೆಂದು ಕಚ್ಚಲಿಲ್ಲ, ಮೃತ್ಯು ಕಳಿಸಿದ, ಬಂದೆ. ಮೃತ್ಯು ಬರುತ್ತಾನೆ, ನನ್ನದೇನಿದೆ, ಕಾಲ ನಡೆಸಿದಂತೆ ನಡೆಯುವವನು ನಾನು ಎನ್ನುತ್ತಾನೆ. ಕೊನೆಗೆ ಕಾಲನೇ ಬರುತ್ತಾನೆ. ತಪ್ಪು ಹಾವಿನದಲ್ಲ, ಮೃತ್ಯುವಿನದಲ್ಲ, ನನ್ನದೂ ಅಲ್ಲ. ಈ ಹುಡುಗ ಸತ್ತದ್ದು ಅವನದೇ ಕರ್ಮದಿಂದ ಎಂದು ತೀರ್ಪು ಕೊಡುತ್ತಾನೆ. ಹಾವು ಬಿಡುಗಡೆಯಾಗುತ್ತದೆ.

ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದಲೋ ಏನೋ, ನಮ್ಮ ಕಡೆ ಗಮಕದಲ್ಲಿ ಈ ಕಥೆ ಕೇಳಿಬರುವುದು ಕಡಿಮೆ. ನಾನು ಓದಿದ್ದು ಅಪ್ಪ ಹಾಸಿಗೆ ಹಿಡಿದ ಮೇಲೆ, ಗದ್ಯಾನುವಾದದಲ್ಲಿ, ರಾತ್ರಿ ಅವರ ಪಕ್ಕದಲ್ಲಿ ಕೂತು. ಓದಿ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಹಾವಿನಿಂದ ಹೊರಟ ಹೊಣೆ ಕೈಯಿಂದ ಕೈಗೆ ದಾಟುತ್ತಾ ಹೋಗಿ ಕೊನೆಗೆ ನಿಂತದ್ದು ಸತ್ತ ಮಗುವಿನ ಹತ್ತಿರ. ಆ ಮಗುವಿಗೆ ಮಾತ್ರ ಅಲ್ಲಿ ಮಾತಾಡುವ ಅವಕಾಶವಿಲ್ಲ.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ನಮ್ಮದೇ ಎಂದು ಸ್ವಲ್ಪ ತೋಟವೂ ಇತ್ತು. ಅದನ್ನು ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ನೋಡಿಕೊಳ್ಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಕಳೆ ತೆಗೆಯುವುದೆಂದರೆ ಹೆಂಗಸರು ಸಾಲಾಗಿ ಕೂತು ಕತ್ತಿಯಲ್ಲಿ ಹುಲ್ಲು ಹೊಡೆಯುವುದು. ಆಳು ಸಿಗುವುದು ಕಷ್ಟವಾದ ಮೇಲೆ ಹುಲ್ಲಿನ ಔಷಧಿ ಬಂತು. ಪ್ಯಾರಾಕ್ವಾಟ್. ನೀಲಿ-ಹಸಿರು ಬಣ್ಣ, ಕೆಟ್ಟ ವಾಸನೆ. ಬೆಳಿಗ್ಗೆ ಹೊಡೆದರೆ ಬಿಸಿಲಿಗೆ ಸಂಜೆಯೊಳಗೆ ಎಲೆ ಬಾಡುತ್ತಿತ್ತು. ಅದನ್ನು ನೋಡಿ ಎಲ್ಲರಿಗೂ ಸಂತೋಷವಾಗಿತ್ತು, ನನಗೂ. ಮಳೆ ಹಿಡಿದ ಮೇಲೆ ಅಣ್ಣತಮ್ಮ ಇಬ್ಬರೂ ಬೆನ್ನಿಗೆ ಪಂಪ್ ಹಾಕಿಕೊಂಡು ತೋಟಕ್ಕೆ ಇಳಿಯುತ್ತಿದ್ದರು. ವಾಷರ್ ಸವೆದ ಪಂಪ್ ಬೆನ್ನ ಮೇಲೆ ಸೋರುತ್ತಿತ್ತು. ಒದ್ದೆ ಅಂಗಿ ಮೈಗಂಟಿಕೊಂಡೇ ಸಂಜೆಯಾಗುತ್ತಿತ್ತು. ಔಷಧಿ ಕಲಸಿದ ಕೈಯಲ್ಲೇ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಚಿಕ್ಕಪ್ಪ ಅಪ್ಪನಿಗಿಂತ ಹೆಚ್ಚೇ ಹೊಡೆದವರು. ಅಕ್ಕಪಕ್ಕದ ತೋಟಗಳಿಗೂ ಕೂಲಿಗೆ ಹೋಗಿ ಹೊಡೆದು ಬರುತ್ತಿದ್ದರು.

ಅಪ್ಪನಿಗೆ ಮೊದಲು ಹೋದದ್ದು ವಾಸನೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿ, ಮನೆಯೊಳಗೆಲ್ಲ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತಿರುವಾಗ, ಈ ವರ್ಷ ಹೂವಿಗೆ ಪರಿಮಳವೇ ಇಲ್ಲವಲ್ಲ ಎಂದರು. ನಾವು ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ಆಮೇಲೆ ಅಕ್ಷರ ಸಣ್ಣದಾಗತೊಡಗಿತು. ಚೆಕ್‌ರೋಲಿನಲ್ಲಿ ಆಳುಗಳ ಹೆಸರು ಬರೆಯುವಾಗ ಮೊದಲ ಹೆಸರು ದುಂಡಗಿದ್ದರೆ ಪುಟದ ಕೆಳಗೆ ಬರುವಷ್ಟರಲ್ಲಿ ಇರುವೆಯ ಸಾಲು. ಬಲಗೈ ನಡುಗಲು ಶುರುವಾದದ್ದು ಎಷ್ಟೋ ಕಾಲದ ನಂತರ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳು. ಪಾರ್ಕಿನ್‌ಸನ್ ಎಂಬ ಹೆಸರು ಡಾಕ್ಟರ ಬಾಯಿಂದ ಬಂದಾಗ ಅದರ ಅರ್ಥ ನನಗೆ ಮನೆಯವರಿಗಿಂತ ಮುಂಚೆ ತಿಳಿಯಿತು. ಅಪ್ಪನಿಗೆ ಆಗ ಐವತ್ತು ದಾಟಿತ್ತು.

ಚಿಕ್ಕಪ್ಪ ಎಂಬತ್ತರ ಹತ್ತಿರ ಬಂದಿದ್ದಾರೆ. ಇವತ್ತಿಗೂ ಮರ ಹತ್ತಿ ಮೆಣಸು ಕೊಯ್ಯುತ್ತಾರೆ.

ಒಂದೇ ತಾಯಿಯ ಮಕ್ಕಳು, ಒಂದೇ ತೋಟ, ಒಂದೇ ಔಷಧಿ. ಹಾಗಾದರೆ ಒಬ್ಬನಿಗೇ ಯಾಕೆ? ನಮ್ಮ ಅತ್ತೆಯ ಹತ್ತಿರ ಉತ್ತರವಿತ್ತು. ಅಪ್ಪ ಹರೆಯದಲ್ಲಿ ತೋಟದ ಬೇಲಿಯ ಹತ್ತಿರ ಒಂದು ನಾಗರಹಾವು ಹೊಡೆದಿದ್ದರಂತೆ. ಸರ್ಪದೋಷ, ಅದಕ್ಕೇ ಮೈಯೆಲ್ಲ ಹಾವಿನ ಹಾಗೆ ನುಲಿಯುತ್ತಿದೆ ಎಂದರು ಅತ್ತೆ. ಅಪ್ಪ ಮರುಮಾತಾಡದೆ ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿಕೊಂಡು ಬಂದರು. ಪಟ್ಟಣದ ನರರೋಗ ತಜ್ಞರ ಹತ್ತಿರವೂ ಉತ್ತರವಿತ್ತು. ನಾನು ಔಷಧಿಯ ವಿಷಯ ಎತ್ತಿದಾಗ ಅವರು ಸೌಮ್ಯವಾಗಿಯೇ ಹೇಳಿದರು: ಅದೇ ಔಷಧಿ ಹೊಡೆದ ಸಾವಿರಾರು ಜನ ಚೆನ್ನಾಗಿದ್ದಾರಲ್ಲ, ನಿಮ್ಮ ತಂದೆಯ ಜೀನಿನಲ್ಲೇ ಏನೋ ಇರಬೇಕು. ಅತ್ತೆ ಓದು ಬಾರದವರು, ಡಾಕ್ಟರು ದೊಡ್ಡ ಓದು ಓದಿದವರು. ಇಬ್ಬರ ಉತ್ತರವೂ ಕಾಲಪುರುಷನ ತೀರ್ಪಿನ ಹಾದಿಯನ್ನೇ ಹಿಡಿದಿತ್ತು. ಕಾರಣ ಅಪ್ಪನ ಒಳಗೇ ಇದೆ. ಹೊರಗೆ ಯಾರನ್ನೂ ಕೇಳಬೇಕಾಗಿಲ್ಲ.

ಜೀನಿನ ಮಾತು ಸುಳ್ಳಲ್ಲ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಬಿಡಿಸಿ ನೋಡದೆ ಈ ಪ್ರಶ್ನೆಗೆ ನ್ಯಾಯ ಮಾಡಲಾಗದು.

ಮಿದುಳಿನ ಬುಡದಲ್ಲಿ, ಬರಿಗಣ್ಣಿಗೇ ಕಪ್ಪಾಗಿ ಕಾಣುವ ಒಂದು ಸಣ್ಣ ಪಟ್ಟೆಯಿದೆ. ಅಲ್ಲಿನ ನರಕೋಶಗಳು ಡೋಪಮಿನ್ ತಯಾರಿಸುತ್ತವೆ. ಕೈ ಎತ್ತಬೇಕೆಂದ ಕೂಡಲೇ ಕೈ ಏಳುವುದು ಅದರಿಂದ. ಪಾರ್ಕಿನ್‌ಸನ್ ಆದವರಲ್ಲಿ ಈ ಪಟ್ಟೆ ಬಿಳಚಿಕೊಂಡಿರುತ್ತದೆ. ನಡುಕ ಕಾಣುವ ಹೊತ್ತಿಗೆ ಆ ಕೋಶಗಳ ದೊಡ್ಡ ಪಾಲು ಆಗಲೇ ಸತ್ತಿರುತ್ತದೆ. ಇವು ಹುಟ್ಟಿನಿಂದಲೇ ಹೆಚ್ಚು ದುಡಿಯುವ ಕೋಶಗಳು. ಒಂದೊಂದು ಕೋಶದ ಕವಲುಗಳೂ ಲೆಕ್ಕವಿಲ್ಲದಷ್ಟು ಕಡೆ ಚಾಚಿರುತ್ತವೆ, ಅಷ್ಟಕ್ಕೂ ಶಕ್ತಿ ಒದಗಿಸಬೇಕು. ಅವು ತಯಾರಿಸುವ ಡೋಪಮಿನ್ ಕೂಡ ಆಮ್ಲಜನಕದ ಜೊತೆ ಸೇರಿ ಕೆಟ್ಟರೆ ಕೋಶವನ್ನೇ ಸುಡುತ್ತದೆ.

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ತರುಣರು ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಸೆಟೆದು ಆಸ್ಪತ್ರೆಗೆ ಬಂದರು. ವಯಸ್ಸಾದವರಲ್ಲಿ ಕಾಣುವ ಕಾಯಿಲೆ ಇಪ್ಪತ್ತರಿಂದ ನಲವತ್ತರ ಆಸುಪಾಸಿನವರಲ್ಲಿ. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞರು ಬೆನ್ನು ಹತ್ತಿ ನೋಡಿದಾಗ, ಅವರೆಲ್ಲ ಕದ್ದುಮುಚ್ಚಿ ತಯಾರಾದ ಒಂದೇ ಮಾದಕ ಪುಡಿ ಚುಚ್ಚಿಕೊಂಡಿದ್ದರು. ಅದರಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಬೆರೆತಿತ್ತು. ಮಿದುಳಿಗೆ ಹೋದ ಮೇಲೆ ಅದು ಎಂಪಿಪಿ ಪ್ಲಸ್ ಎಂಬ ಇನ್ನೊಂದು ರೂಪ ತಾಳುತ್ತದೆ. ಡೋಪಮಿನ್ ಕೋಶಗಳು ಅದನ್ನು ತಮ್ಮದೇ ಡೋಪಮಿನ್ ಎಂದು ಭ್ರಮಿಸಿ ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋದದ್ದು ಮೈಟೊಕಾಂಡ್ರಿಯದ ಕೆಲಸ ನಿಲ್ಲಿಸುತ್ತದೆ. ಹೊರಗಿನಿಂದ ಬಂದ ಒಂದೇ ಒಂದು ವಸ್ತು, ಮಿಕ್ಕ ಮಿದುಳನ್ನು ಬಹುಪಾಲು ಬಿಟ್ಟು ಆ ಕಪ್ಪು ಪಟ್ಟೆಯನ್ನೇ ಹುಡುಕಿ ಕೊಲ್ಲಬಲ್ಲದು ಎಂಬುದು ಅಂದು ಖಚಿತವಾಯಿತು.

ಎಂಪಿಪಿ ಪ್ಲಸ್‌ನ ರಚನೆಯನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿ ಪ್ಯಾರಾಕ್ವಾಟ್ ಬರೆದರೆ ಅಕ್ಕತಂಗಿಯರಂತೆ ಕಾಣುತ್ತವೆ. ಕೆಲಸ ಮಾಡುವ ದಾರಿ ಮಾತ್ರ ಬೇರೆ. ಪ್ಯಾರಾಕ್ವಾಟ್ ಕೋಶದೊಳಗೆ ಒಂದು ಎಲೆಕ್ಟ್ರಾನ್ ಪಡೆಯುತ್ತದೆ, ಅದನ್ನು ಆಮ್ಲಜನಕಕ್ಕೆ ದಾಟಿಸಿ ಸುಡುವ ರೂಪಕ್ಕೆ ತಿರುಗಿಸುತ್ತದೆ, ತಾನು ಮತ್ತೆ ಮೊದಲಿನಂತಾಗಿ ಇನ್ನೊಂದು ಎಲೆಕ್ಟ್ರಾನಿಗೆ ಕೈ ಚಾಚುತ್ತದೆ. ತಾನು ಖರ್ಚಾಗದೆ ಸುಡುತ್ತಲೇ ಹೋಗುವ ವಿಷ ಇದು. ಹುಲ್ಲನ್ನು ಬಿಸಿಲಲ್ಲಿ ಬಾಡಿಸುವುದೂ ಇದೇ ಗುಣ.

ವಂಶದ ಪಾತ್ರ ಬರುವುದು ಇಲ್ಲಿ. ಕೋಶಕ್ಕೆ ತನ್ನದೇ ರಕ್ಷಣೆಯಿದೆ, ಗ್ಲುಟಾಥಯೋನ್ ಎಂಬ ವಸ್ತುವಿನಿಂದ. ಅದನ್ನು ಬಳಸಿಕೊಂಡು ಕೆಟ್ಟದ್ದನ್ನು ತಟಸ್ಥ ಮಾಡುವ ಕಿಣ್ವಗಳಲ್ಲಿ ಒಂದನ್ನು ಜಿಎಸ್‌ಟಿಟಿ1 ಎಂಬ ಜೀನು ಮಾಡಿಸುತ್ತದೆ. ಕೆಲವರಲ್ಲಿ ಈ ಜೀನು ಪೂರ್ತಿಯಾಗಿ ಇರುವುದೇ ಇಲ್ಲ. ಅಮ್ಮನಿಂದಲೂ ಬಂದಿರುವುದಿಲ್ಲ, ಅಪ್ಪನಿಂದಲೂ ಬಂದಿರುವುದಿಲ್ಲ. ಹಾಗೆಂದು ಅವರಿಗೆ ಯಾವ ಕಾಯಿಲೆಯೂ ಇಲ್ಲ. ನಮ್ಮ ನಿಮ್ಮ ಹಾಗೆ ಉಂಡು ತಿಂದು ಬದುಕುತ್ತಾರೆ. 2011ರಲ್ಲಿ ಅಮೆರಿಕದ ಸಂಶೋಧಕರು, ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್‌ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ತೋರಿಸಿದರು. ಮರುವರ್ಷ ಅವರೇ ಈ ಜೀನನ್ನು ನೋಡಿದರು. ಜೀನು ಇದ್ದ ಗಂಡಸರಲ್ಲಿ ಪ್ಯಾರಾಕ್ವಾಟ್ ತಂದ ಅಪಾಯ ಒಂದೂವರೆ ಪಟ್ಟು, ಜೀನು ಇಲ್ಲದವರಲ್ಲಿ ಸುಮಾರು 11 ಪಟ್ಟು. ಚಿಕ್ಕ ಅಧ್ಯಯನ, ಕೆಲವೇ ಜನರದು. ಆದರೂ ಆ ಎರಡು ಸಂಖ್ಯೆಗಳನ್ನು ಓದಿದ ದಿನ ನನಗೆ ಅಪ್ಪ, ಚಿಕ್ಕಪ್ಪ ಇಬ್ಬರೂ ಪಂಪ್ ಹೊತ್ತು ಪಕ್ಕಪಕ್ಕದಲ್ಲಿ ನಿಂತಂತೆ ಕಂಡರು. ಒಂದೇ ತಾಯಿಯ ಮಕ್ಕಳಾದರೂ ಅವರು ಅವಳಿಯಲ್ಲ. ಒಬ್ಬನಿಗೆ ಬಂದ ಜೀನು ಇನ್ನೊಬ್ಬನಿಗೆ ಬರಲೇಬೇಕೆಂದಿಲ್ಲ.

ಅಪ್ಪನ ರಕ್ತವನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಮಾಡಿದ್ದರೂ, ಇವರಿಗೆ ಈ ಔಷಧಿಯಿಂದಲೇ ಈ ಕಾಯಿಲೆ ಬಂತು ಎಂದು ಯಾವ ಪ್ರಯೋಗಾಲಯವೂ ಬರೆದುಕೊಡುವುದಿಲ್ಲ. ವಿಜ್ಞಾನ ಸಾವಿರ ಜನರ ಬಗ್ಗೆ ಹೇಳಬಲ್ಲದು, ಒಬ್ಬನ ಬಗ್ಗೆ ಅಲ್ಲ. ಆ ಸಂದಿಯಲ್ಲೇ ಕರ್ಮದ ಮಾತು ನುಗ್ಗುವುದು.

ಆದರೆ ಆ ಎರಡು ಸಂಖ್ಯೆಗಳನ್ನು ನೋಡಿ. ಜೀನಿಲ್ಲದವನನ್ನು ಪ್ಯಾರಾಕ್ವಾಟ್ ಇಲ್ಲದ ಊರಿನಲ್ಲಿ ಬೆಳೆಸಿ, ಈ 11 ಪಟ್ಟು ಎಂಬ ಮಾತೇ ಏಳುವುದಿಲ್ಲ. 1999ರಲ್ಲಿ ಪ್ರಕಟವಾದ, ಎರಡನೇ ಮಹಾಯುದ್ಧದ ಕಾಲದ ಅವಳಿ ಸೈನಿಕರ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತು. ಐವತ್ತರ ನಂತರ ಶುರುವಾಗುವ ಪಾರ್ಕಿನ್‌ಸನ್‌ನಲ್ಲಿ, ಜೀನೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಿಬ್ಬರಿಗೂ ಕಾಯಿಲೆ ಬರುವ ಸಂಭವ ಸಾಮಾನ್ಯ ಅವಳಿಗಳಿಗಿಂತ ಹೆಚ್ಚೇನೂ ಇರಲಿಲ್ಲ. ಐವತ್ತರೊಳಗೇ ಬರುವ ಪಾರ್ಕಿನ್‌ಸನ್ ಬೇರೆ, ಅಲ್ಲಿ ವಂಶವೇ ಮುಂದು. ನಮ್ಮಪ್ಪನ ಬಗೆಯದರಲ್ಲಿ ಜೀನು ಒಂದು ಸಾಧ್ಯತೆಯನ್ನಷ್ಟೇ ಇಟ್ಟುಕೊಂಡಿರುತ್ತದೆ. ಆ ಸಾಧ್ಯತೆಯನ್ನು ನಿಜ ಮಾಡುವುದು ಬೆನ್ನ ಮೇಲೆ ಸುರಿದದ್ದು.

ಜೀನನ್ನು ಇಂದಿನ ಕರ್ಮ ಎನ್ನುವವರಿದ್ದಾರೆ, ವಿದ್ಯಾವಂತರೇ. ನನಗೆ ಅದು ಎರಡಕ್ಕೂ ಮಾಡುವ ಅನ್ಯಾಯವಾಗಿ ಕಾಣುತ್ತದೆ. ಕರ್ಮಸಿದ್ಧಾಂತದ ಜೀವಾಳ ಮಾಡಿದ್ದುಣ್ಣುವುದರಲ್ಲಿದೆ. ಜೈನರ ಕರ್ಮವಿಚಾರದಲ್ಲಿ ಇದು ಇನ್ನೂ ಸ್ಪಷ್ಟ. ಎಂಟು ಕರ್ಮಗಳಲ್ಲಿ ನಾಮಕರ್ಮ ಎಂಬುದೊಂದು, ಜೀವಕ್ಕೆ ಎಂಥ ಮೈ ಸಿಗಬೇಕು ಎಂದು ಗೊತ್ತುಮಾಡುವುದು ಅದು. ಹಾಗೆ ಸಿಕ್ಕ ಮೈ ಆ ಜೀವದ್ದೇ ಗಳಿಕೆ. ಜೀನಿನಲ್ಲಿ ಗಳಿಕೆಯಿಲ್ಲ. ಅಜ್ಜಿಯಿಂದ ಅಪ್ಪನಿಗೆ ಬಂತೋ ಬರಲಿಲ್ಲವೋ ಎಂಬುದರಲ್ಲಿ ಅಜ್ಜಿಯ ಪಾಪವೂ ಇಲ್ಲ, ಅಪ್ಪನ ಪುಣ್ಯವೂ ಇಲ್ಲ. ಹುಟ್ಟಿನಲ್ಲಿ ಬಂದ ಬಲಹೀನತೆಗೆ ಕರ್ಮದ ಬಣ್ಣ ಬಳಿದ ಕೂಡಲೇ, ಏನೂ ಮಾಡದವನ ತಲೆಗೆ ಅಪರಾಧ ಬರುತ್ತದೆ. ಮಾಡಿದವನು ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ. ಕರ್ಮವೆಂದರೆ ಮಾಡಿದ್ದು ಎಂದಾದರೆ, ಔಷಧಿಯ ಕತೆಯಲ್ಲಿ ಮಾಡಿದವರು ಯಾರು? ಇದನ್ನು ತಯಾರಿಸಿದವರಿದ್ದಾರೆ. ಅಪಾಯ ಗೊತ್ತಾದ ಮೇಲೂ ಪರವಾನಗಿ ಮುಂದುವರಿಸಿದವರಿದ್ದಾರೆ. ಸೋರುವ ಪಂಪ್ ಕೊಟ್ಟು ಕಳಿಸಿದವರಿದ್ದಾರೆ. ಸ್ವಿಟ್ಜರ್ಲೆಂಡ್ ಇದನ್ನು 1989ರಲ್ಲೇ ನಿಷೇಧಿಸಿತು; ಯುರೋಪಿನ ಒಕ್ಕೂಟದಲ್ಲಿ 2007ರಲ್ಲಿ ನಿಂತಿತು. ಅಲ್ಲಿಯವರ ಜೀನು ನಮ್ಮದಕ್ಕಿಂತ ಕೆಟ್ಟದ್ದೆಂದು ಅವರು ನಿಲ್ಲಿಸಲಿಲ್ಲ.

ಎಲ್ಲ ನೋವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವುದು ಭಾರತದ ಒಂದೇ ಮಾತೆಂದು ತಿಳಿಯಬಾರದು. ಪಾಲಿ ಸುತ್ತಗಳಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಹತ್ತಿರ ಬಂದು ಇದನ್ನೇ ಕೇಳುತ್ತಾನೆ: ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಎಣಿಸಿ ಹೇಳುತ್ತಾನೆ. ಪಿತ್ತದಿಂದ ಬರುವ ನೋವಿದೆ, ಕಫದಿಂದ, ವಾತದಿಂದ, ಮೂರೂ ಕೂಡಿದ್ದರಿಂದ, ಋತು ಬದಲಾದದ್ದರಿಂದ, ದೇಹವನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ, ಹೊರಗಿನಿಂದ ಬಿದ್ದ ಪೆಟ್ಟಿನಿಂದ. ಎಂಟನೆಯದಾಗಿ, ಕರ್ಮದ ಫಲವಾಗಿ. ಎಲ್ಲವನ್ನೂ ಎಂಟನೆಯದಕ್ಕೇ ಸೇರಿಸುವವರು ತಾವೇ ಕಣ್ಣಾರೆ ಕಂಡದ್ದನ್ನು ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ಅಭಿಪ್ರಾಯ. ಏಳು ಕಾರಣಗಳನ್ನು ನೋಡುವ ಮೊದಲೇ ಎಂಟನೆಯದಕ್ಕೆ ಹಾರಬಾರದು ಎಂಬ ಈ ಶಿಸ್ತು ನನಗೆ ದೊಡ್ಡ ಧರ್ಮವಾಗಿ ಕಾಣುತ್ತದೆ.

ಚರಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ವಿಮಾನಸ್ಥಾನದ ಮೂರನೆಯ ಅಧ್ಯಾಯ ಊರಿಗೆ ಊರೇ ನಾಶವಾಗುವ ಬಗೆಯನ್ನು ಹೇಳುವಂಥದು. ಗಂಗೆಯ ದಡದಲ್ಲಿ ನಡೆಯುತ್ತಾ ಅಗ್ನಿವೇಶ ಗುರು ಆತ್ರೇಯನನ್ನು ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ, ಹೀಗಿರುವಾಗ ಎಲ್ಲರಿಗೂ ಒಟ್ಟಿಗೆ ಕಾಯಿಲೆ ಹೇಗೆ ಬರುತ್ತದೆ? ಪ್ರಕೃತಿಭೇದವನ್ನು ಆಯುರ್ವೇದದಷ್ಟು ಗಂಭೀರವಾಗಿ ತೆಗೆದುಕೊಂಡ ವೈದ್ಯಪದ್ಧತಿ ಇನ್ನೊಂದಿಲ್ಲ. ಆದರೂ ಆತ್ರೇಯ ಇಲ್ಲಿ ರೋಗಿಯ ಪ್ರಕೃತಿಗೆ ಕೈ ತೋರಿಸುವುದಿಲ್ಲ. ಎಲ್ಲರೂ ಹಂಚಿಕೊಳ್ಳುವ ಗಾಳಿ, ನೀರು, ನೆಲ, ಕಾಲ ಕೆಡುತ್ತವೆ ಎನ್ನುತ್ತಾನೆ. ಅವು ಕೆಡುವುದಕ್ಕೆ ಮೂಲ ಅಧರ್ಮ ಎನ್ನುತ್ತಾನೆ. ಆ ಅಧರ್ಮ ಶುರುವಾಗುವುದು ದೇಶದ, ನಗರದ, ವ್ಯಾಪಾರದ ಮುಖ್ಯಸ್ಥರಿಂದ. ಅಲ್ಲಿಂದ ಅದು ಅವರ ಆಶ್ರಯದಲ್ಲಿರುವವರಿಗೆ ಇಳಿಯುತ್ತದೆ. ಕಾರಣದ ಸರಪಳಿ ಗೌತಮಿಯ ಕಥೆಯಲ್ಲಿ ಸತ್ತ ಹುಡುಗನಲ್ಲಿ ಕೊನೆಗೊಂಡರೆ, ಚರಕನಲ್ಲಿ ಅಧಿಕಾರದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ನನಗೆ ಬೇಕಾದ ಶಾಸ್ತ್ರ ಇದು.

ಇಷ್ಟಾದ ಮೇಲೆ ಗೌತಮಿಯ ಕಥೆಗೆ ಮತ್ತೆ ಹೋದೆ, ಈ ಸಲ ಸಿಟ್ಟಿಲ್ಲದೆ. ಎರಡು ವಿಷಯ ಹೊಸದಾಗಿ ಕಂಡವು. ಒಂದು, ಭೀಷ್ಮ ಈ ಕಥೆಯನ್ನು ಯಾರಿಗೆ ಹೇಳುತ್ತಿದ್ದಾನೆ ಎಂಬುದು. ಮಗನನ್ನು ಕಳೆದುಕೊಂಡ ತಾಯಿಗಲ್ಲ, ಯುಧಿಷ್ಠಿರನಿಗೆ. ಇಷ್ಟೆಲ್ಲ ಸಾವಿಗೆ ನಾನೇ ಕಾರಣ ಎಂದು ಕುಸಿದು ಕೂತ ರಾಜನಿಗೆ. ಕೊಂದವನನ್ನು ಎಬ್ಬಿಸಿ ನಿಲ್ಲಿಸಲು ಹೇಳಿದ ಸಾಂತ್ವನ ಅದು. ಪಶ್ಚಾತ್ತಾಪದಲ್ಲಿ ಬೆಂದವನಿಗೆ ಅದನ್ನು ಹೇಳಬಹುದು. ಪಶ್ಚಾತ್ತಾಪವೇ ಇಲ್ಲದವರು ಅದನ್ನು ತಮಗೆ ತಾವೇ ಹೇಳಿಕೊಂಡರೆ ಅದು ಧರ್ಮವಾಗುವುದಿಲ್ಲ.

ಇನ್ನೊಂದು, ಗೌತಮಿ. ಕಾಲ ಬಂದು ತೀರ್ಪು ಕೊಡುವ ಮೊದಲೇ ಅವಳು ಹಾವನ್ನು ಬಿಡು ಎಂದಿದ್ದಳು. ಕೊನೆಯಲ್ಲಿ ಕರ್ಮವನ್ನು ಒಪ್ಪುವಾಗಲೂ ಮಗನ ಕರ್ಮ ಎಂದಷ್ಟೇ ಹೇಳದೆ, ನನ್ನದೂ ಇದೆ ಎಂದು ತನ್ನನ್ನು ಸೇರಿಸಿಕೊಳ್ಳುತ್ತಾಳೆ. ಅವಳ ಬಾಯಲ್ಲಿ ಆ ಮಾತು ಇನ್ನೊಂದು ಜೀವವನ್ನು ಉಳಿಸುತ್ತದೆ. ನೋವು ಉಂಡವಳು ತನ್ನ ನೋವಿಗೆ ಯಾವ ಹೆಸರನ್ನಾದರೂ ಇಡಬಹುದು. ಕುಕ್ಕೆಯಿಂದ ಬಂದ ರಾತ್ರಿ ಅಪ್ಪ, ಒಂದು ಜೀವ ತೆಗೆದಿದ್ದೆ, ಕ್ಷಮೆ ಕೇಳಿ ಬಂದೆ, ಹಗುರಾಯಿತು ಎಂದರು. ಆ ಮಾತಿಗೆ ನಾನು ಏನನ್ನೂ ಸೇರಿಸುವುದಿಲ್ಲ, ತೆಗೆಯುವುದೂ ಇಲ್ಲ. ಅದು ಅವರಿಗೂ ಆ ಹಾವಿಗೂ ಇದ್ದ ಲೆಕ್ಕ. ಆದರೆ ಅದೇ ಮಾತನ್ನು ಅತ್ತೆ ಅವರ ಬೆನ್ನ ಹಿಂದೆ ಆಡಿದಾಗ ಅದು ಬೇರೆಯಾಯಿತು. ಔಷಧಿ ಮಾರುವವರು, ಹೊಡೆಸುವವರು ಆಡಿದರೆ ಇನ್ನೂ ಬೇರೆ. ಬೇಡನ ವಾದವನ್ನೂ ಈಗ ನಾನು ಹೆಚ್ಚು ಗೌರವದಿಂದ ಓದುತ್ತೇನೆ. ಯಾರೋ ಕಳಿಸಿದರೆಂದು ಬಂದರೂ ಕಚ್ಚಿದ್ದು ನೀನೇ, ನೀನೂ ಕಾರಣವೇ ಎಂದು ಅವನು ಹಾವಿಗೆ ಹೇಳುತ್ತಾನೆ. ಅವನ ಕೈಯಲ್ಲಿದ್ದ ಆಯುಧ ತಪ್ಪು, ಮಾತು ಸರಿ. ಗೌತಮಿಯ ಕ್ಷಮೆ, ಬೇಡನ ಪ್ರಶ್ನೆ ಎರಡೂ ಒಟ್ಟಿಗೆ ಇರಲು ಸಾಧ್ಯವಿದೆ.

ಮುಂದೆ ಬರಬಹುದಾದ ಒಂದು ವಿಷಯ ನನ್ನನ್ನು ಹೆದರಿಸುತ್ತದೆ. ಒಂದು ಹನಿ ರಕ್ತದಲ್ಲಿ ಯಾರಿಗೆ ಯಾವ ಜೀನಿದೆ ಎಂದು ನೋಡುವುದು ಈಗ ಕಷ್ಟದ ಕೆಲಸವಲ್ಲ. ನಾಳೆ ಯಾವುದೋ ತೋಟದಲ್ಲಿ, ಈ ಆಳುಗಳ ಮೈ ತಡೆಯುತ್ತದೆ, ಇವರನ್ನೇ ಔಷಧಿಗೆ ಕಳಿಸಿ ಎಂದರೆ? ಕೇಳಲು ಕಾಳಜಿಯ ಮಾತಿನಂತೆಯೇ ಇರುತ್ತದೆ. ಜೀನು ಇದ್ದವರಲ್ಲೂ ಒಂದೂವರೆ ಪಟ್ಟು ಎಂಬುದು ಸೊನ್ನೆಯಲ್ಲ. ಅದಲ್ಲದೆ, ಮೈ ಗಟ್ಟಿಯಿದ್ದ ತಪ್ಪಿಗೆ ಒಬ್ಬ ಜೀವಮಾನವಿಡೀ ವಿಷ ಹೊರಬೇಕು, ಮೈ ಸೂಕ್ಷ್ಮವಿದ್ದ ತಪ್ಪಿಗೆ ಇನ್ನೊಬ್ಬ ಕೂಲಿ ಕಳೆದುಕೊಳ್ಳಬೇಕು. ಹುಟ್ಟನ್ನು ನೋಡಿ ಕೆಲಸ ಹಂಚುವ ಆ ವ್ಯವಸ್ಥೆ ಈ ನೆಲಕ್ಕೆ ಹೊಸದಲ್ಲ; ಅದನ್ನು ಪ್ರಯೋಗಾಲಯದ ಚೀಟಿ ಹಿಡಿದು ಮತ್ತೆ ಒಳಗೆ ಕರೆಯಬಾರದು. ನಮ್ಮಲ್ಲಿ ಅತಿ ಸೂಕ್ಷ್ಮವಾದ ಮೈ ಯಾರದೋ ಅದಕ್ಕೆ ಹೊಂದುವಂತೆ ತೋಟದ ಕೆಲಸ ಇರಬೇಕು.

ಅಪ್ಪ ಹೋದ ಮೇಲೆ ಚಿಕ್ಕಪ್ಪ ಒಂದು ದಿನ ಕಣದಲ್ಲಿ ಕಾಫಿ ಹರಡುತ್ತಾ ಕೇಳಿದರು: “ಅಲ್ಲ ಕಣವ್ವ, ಅಣ್ಣಯ್ಯನಿಗಿಂತ ಜಾಸ್ತಿ ಹೊಡೆದವನು ನಾನು. ನಂಗ್ಯಾಕೆ ಬರಲಿಲ್ಲ?” ಉಳಿದವರ ಈ ಪ್ರಶ್ನೆಯನ್ನು ಕರ್ಮದ ಶಾಸ್ತ್ರಗಳು ಅಷ್ಟಾಗಿ ಎತ್ತಿಕೊಂಡಂತಿಲ್ಲ. ಬಿದ್ದವನದು ಪಾಪವಾದರೆ ನಿಂತವನದು ಪುಣ್ಯವೆನ್ನಬೇಕು. ಅಣ್ಣನ ಪಾಪದ ಪಕ್ಕದಲ್ಲಿ ತನ್ನ ಪುಣ್ಯವನ್ನಿಟ್ಟು ನೋಡಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ನಾನು ಜೀನಿನ ವಿಷಯ ಹೇಳಿದೆ. ಅವ್ವನಿಂದ ನಿಮಗೊಂದು ಬಂದಿರಬಹುದು ಚಿಕ್ಕಪ್ಪ, ಅಪ್ಪನಿಗೆ ಬಂದಿರಲಿಕ್ಕಿಲ್ಲ, ಅದರಲ್ಲಿ ನೀವು ಮಾಡಿದ್ದೇನೂ ಇಲ್ಲ ಎಂದೆ. ಸುಮಾರು ಹೊತ್ತು ಕಾಫಿ ಎಳೆಯುತ್ತಲೇ ಇದ್ದರು. ಆಮೇಲೆ, “ಹಂಗಾರೆ ಗೊತ್ತಿಲ್ದೆ ಹೊಡೆದ್ವಿ ಅನ್ನೋದು ಇಬ್ರಿಗೂ ಒಂದೇ. ಗೊತ್ತಿದ್ದೋರು ಯಾಕೆ ಹೇಳಲಿಲ್ಲ?” ಎಂದರು.

ಅದನ್ನು ಕೇಳಬೇಕಾದ ಕಡೆ ಕೇಳಲು ನಮ್ಮ ಕೈಯಲ್ಲಿ ಏನೂ ಇಲ್ಲ. ಅಪ್ಪ ಅಷ್ಟು ವರ್ಷ ಬರೆದ ಚೆಕ್‌ರೋಲುಗಳಲ್ಲಿ ಯಾರು ಎಷ್ಟು ದಿನ ಬಂದರು, ಎಷ್ಟು ಕೂಲಿ ಎಂಬುದಿದೆ. ಯಾರು ಯಾವ ಔಷಧಿ ಹೊಡೆದರು ಎಂಬುದು ಒಂದು ಪುಟದಲ್ಲೂ ಇಲ್ಲ. ಹಾಗಾಗಿ ಈಗ ಸುತ್ತಮುತ್ತಲಿನ ತೋಟದವರ ಹತ್ತಿರ ನಾನೂ ಚಿಕ್ಕಪ್ಪನೂ ಒಂದೇ ಮಾತು ಕೇಳುತ್ತಿದ್ದೇವೆ. ಹುಲ್ಲು ಕತ್ತರಿಸುವ ಮೆಷಿನ್ ಕೊಳ್ಳಿ, ಅದಕ್ಕೆ ದುಡ್ಡು ಸಾಲದಿದ್ದರೆ ಅಕ್ಕಪಕ್ಕದವರು ಸೇರಿ ಕೊಳ್ಳಿ. ಔಷಧಿ ಬಿಡಲಾಗದು ಎನ್ನುವವರು ಒಂದು ಪುಸ್ತಕ ಇಡಿ: ಹೊಡೆದವರ ಹೆಸರು, ತಾರೀಕು, ಔಷಧಿ, ಎಷ್ಟು ಕ್ಯಾನು, ಕೈಗವಸು ಕೊಟ್ಟಿದ್ದೀರೋ ಇಲ್ಲವೋ, ಕೆಳಗೆ ಹೊಡೆಸಿದವರ ಸಹಿ. ಮೆಷಿನ್ ಕೊಳ್ಳುತ್ತೇವೆ ಎಂದವರು ಕೆಲವರಿದ್ದಾರೆ. ಸಹಿ ಹಾಕುತ್ತೇವೆ ಎಂದವರು ಇನ್ನೂ ಸಿಕ್ಕಿಲ್ಲ.